ಮನೆಯ ಕಂಪ್ಯೂಟರಿಗೆ ಯಾವ ಬ್ಯಾಕಪ್ ಸರಿ? ಹಾರ್ಡ್ ಡಿಸ್ಕ್, ಕ್ಲೌಡ್, ಸಿಸ್ಟಂ ಇಮೇಜ್ ಹೋಲಿಕೆ

ಬ್ಯಾಕಪ್ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್ ಹಾಕ್ಲಿ?’ ಅಂತ. ಅದನ್ನು ಆಮೇಲೆ ನೋಡೋಣ. ನಾಳೆ ಬೆಳಿಗ್ಗೆ ನಿಮ್ಮ ಲ್ಯಾಪ್‌ಟಾಪ್ ಆನ್ ಆಗಲೇ ಇಲ್ಲ ಅಂದ್ಕೊಳ್ಳಿ. ಅದರೊಳಗಿಂದ ಏನೇನು ವಾಪಸ್ ಬೇಕು? ಎಷ್ಟು ಬೇಗ ಬೇಕು? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ದಾರಿ ಹಿಡಿಯಬೇಕು ಅನ್ನುವುದು ಬಹುತೇಕ ತಾನಾಗೇ ಗೊತ್ತಾಗುತ್ತದೆ.

ಕಂಪ್ಯೂಟರಿನಲ್ಲಿ ಇರುವುದನ್ನು ಎರಡು ಪಾಲು ಮಾಡಿ ನೋಡಿ. ಒಂದು ಪಾಲು ನಿಮ್ಮ ಫೈಲುಗಳು: ಫೋಟೋ, ಮಕ್ಕಳ ವಿಡಿಯೋ, ಪಹಣಿ, ಕ್ರಯಪತ್ರಗಳ ಸ್ಕ್ಯಾನ್, ಅಂಗಡಿ ಲೆಕ್ಕ, ನೀವು ಬರೆದಿಟ್ಟದ್ದು. ಇನ್ನೊಂದು ಪಾಲು ಸಿಸ್ಟಂ: ವಿಂಡೋಸ್, ಡ್ರೈವರುಗಳು, ಹಾಕಿಕೊಂಡ ಸಾಫ್ಟ್‌ವೇರುಗಳು, ಅವುಗಳ ಸೆಟ್ಟಿಂಗ್. ಸಿಸ್ಟಂ ಹೋದರೆ ಒಂದೆರಡು ದಿನ ಹಾಳಾಗುತ್ತದೆ, ಅಷ್ಟೇ. ವಿಂಡೋಸನ್ನು ಮೈಕ್ರೋಸಾಫ್ಟ್ ತಾಣದಿಂದಲೇ ಇಳಿಸಿ, 8 ಜಿಬಿ ಪೆನ್ ಡ್ರೈವಿಗೆ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಬಹುದು. ಈಗಿನ ಲ್ಯಾಪ್‌ಟಾಪುಗಳಲ್ಲಿ ಲೈಸೆನ್ಸ್ ಮದರ್‌ಬೋರ್ಡಿನ ಜೊತೆಗೇ ಇರುವುದರಿಂದ ಸಾಮಾನ್ಯವಾಗಿ ತಾನಾಗೇ ಆಕ್ಟಿವೇಟ್ ಆಗುತ್ತದೆ. ಆದರೆ ಅಜ್ಜಿಯ ಫೋಟೋ ಹೋದರೆ ಅದನ್ನು ಎಲ್ಲಿಂದ ಇಳಿಸುವುದು?

ಹಾಗಾಗಿ ನನ್ನ ಅಭಿಪ್ರಾಯ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು, ಸಮಯ, ಗಮನ ಎಲ್ಲವೂ ಮೊದಲು ಫೈಲುಗಳಿಗೆ. ಸಿಸ್ಟಂ ಬ್ಯಾಕಪ್ ಕೆಲವರಿಗೆ ಮಾತ್ರ ಬೇಕು, ಯಾರಿಗೆ ಅಂತ ಮುಂದೆ ಹೇಳುತ್ತೇನೆ. ನಮ್ಮ ಮನೆಗಳಲ್ಲಿ ವಿಂಡೋಸ್ ಜಾಸ್ತಿ, ಅದಕ್ಕೇ ಹೆಚ್ಚಿನ ಮಾತು ಅದರದ್ದೇ.

‘ಡಿ ಡ್ರೈವಲ್ಲಿ ಇಟ್ಟಿದ್ದೀನಿ’ ಅನ್ನುವವರಿಗೆ

ಅಸೆಂಬಲ್ ಮಾಡಿಸಿದ ಕಂಪ್ಯೂಟರಾಗಲಿ, ಅಂಗಡಿಯಲ್ಲಿ ವಿಂಡೋಸ್ ಹಾಕಿಸಿಕೊಂಡ ಲ್ಯಾಪ್‌ಟಾಪಾಗಲಿ, ನಮ್ಮಲ್ಲಿ ಸಿ, ಡಿ, ಇ ಅಂತ ಭಾಗ ಮಾಡಿಕೊಡುವುದು ರೂಢಿ. ‘ಸಿ ಫಾರ್ಮ್ಯಾಟ್ ಹೊಡೆದ್ರೂ ಡಿ ಹಾಗೇ ಇರುತ್ತೆ, ಫೋಟೋ ಎಲ್ಲ ಅಲ್ಲಿಡಿ’ ಅನ್ನುತ್ತಾರೆ. ಫಾರ್ಮ್ಯಾಟಿನ ಮಟ್ಟಿಗೆ ಆ ಮಾತು ನಿಜ. ಆದರೆ ಸಿ, ಡಿ, ಇ ಮೂರೂ ಇರುವುದು ಒಂದೇ ಡಿಸ್ಕಿನೊಳಗೆ, ಒಂದೇ ಸರ್ಕ್ಯೂಟ್ ಬೋರ್ಡಿನ ಮೇಲೆ. ಡಿಸ್ಕ್ ಕೆಟ್ಟರೆ ಮೂರೂ ಒಟ್ಟಿಗೆ ಹೋಗುತ್ತವೆ. ಲ್ಯಾಪ್‌ಟಾಪ್ ಬ್ಯಾಗು ಬಸ್ಸಿನಲ್ಲಿ ಕಳುವಾದರೂ ಅಷ್ಟೇ. ಸಿಯಿಂದ ಡಿಗೆ ಕಾಪಿ ಮಾಡಿದ್ದನ್ನು ಬ್ಯಾಕಪ್ ಅಂತ ದಯವಿಟ್ಟು ಎಣಿಸಬೇಡಿ.

ಡಿ ಡ್ರೈವ್ ಇನ್ನೊಂದು ತೊಂದರೆಯನ್ನೂ ತರುತ್ತದೆ, ಇದು ಅನೇಕರ ಗಮನಕ್ಕೇ ಬರುವುದಿಲ್ಲ. ವಿಂಡೋಸಿನ ಜೊತೆ ಬರುವ ಬ್ಯಾಕಪ್ ಸೌಲಭ್ಯಗಳು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಇಂಥ ಫೋಲ್ಡರುಗಳನ್ನು ಮಾತ್ರ ತಾವಾಗಿ ನೋಡುತ್ತವೆ. ಡಿ ಡ್ರೈವಿನಲ್ಲಿ ನೀವೇ ಮಾಡಿಕೊಂಡ ‘ಮದುವೆ ಫೋಟೋಸ್’ ಫೋಲ್ಡರ್ ಅವುಗಳ ಕಣ್ಣಿಗೆ ಬೀಳುವುದೇ ಇಲ್ಲ. ಬ್ಯಾಕಪ್ ಆನ್ ಆಗಿದೆ, ಹಸಿರು ಗುರುತು ತೋರಿಸುತ್ತಿದೆ, ಆದರೆ ಮುಖ್ಯವಾದದ್ದೇ ಅದರಲ್ಲಿಲ್ಲ! ಲೆಕ್ಕಪತ್ರಕ್ಕೆ ಟ್ಯಾಲಿ ಸಾಫ್ಟ್‌ವೇರ್ ಬಳಸುವವರಿಗೂ ಇದೇ ಮಾತು. ಅದರ ಡೇಟಾ ಫೋಲ್ಡರ್ ಸಾಮಾನ್ಯವಾಗಿ ಡಾಕ್ಯುಮೆಂಟ್ಸ್ ಒಳಗೆ ಇರುವುದಿಲ್ಲ, ಎಲ್ಲಿದೆ ಅಂತ ಹುಡುಕಿ ಕೈಯಾರೆ ಸೇರಿಸಬೇಕು.

ಹೊರಗಿನ ಹಾರ್ಡ್ ಡಿಸ್ಕ್

ಇದೇ ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ವೇಗ. ಒಂದು ಸಲ ದುಡ್ಡು ಕೊಟ್ಟರೆ ಮುಗೀತು, ತಿಂಗಳು ತಿಂಗಳು ಕಟ್ಟುವಂಥದ್ದು ಏನೂ ಇಲ್ಲ. ಸೆಕೆಂಡಿಗೆ 100 ಎಂಬಿಯಂತೆ ಹೋದರೆ 300 ಜಿಬಿ ಫೋಟೋ ವಿಡಿಯೋ ಒಂದು ಗಂಟೆಯೊಳಗೆ ಕಾಪಿ ಆಗುತ್ತದೆ. ಸಣ್ಣ ಸಣ್ಣ ಫೈಲುಗಳು ಸಾವಿರಗಟ್ಟಲೆ ಇದ್ದರೆ ಹೊತ್ತು ಜಾಸ್ತಿ ಹಿಡಿಯುತ್ತದೆ. ವಾಪಸ್ ಪಡೆಯುವಾಗಲೂ ಅದೇ ವೇಗ, ನೆಟ್ ಬೇಕಾಗಿಲ್ಲ.

ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ? ಬ್ಯಾಕಪ್ ತೆಗೆದು ಕಪಾಟಿನಲ್ಲಿಡಲು ಹಾರ್ಡ್ ಡಿಸ್ಕೇ ಸಾಕು. ಒಂದೇ ಬೆಲೆಗೆ ಜಾಗ ಜಾಸ್ತಿ ಸಿಗುತ್ತದೆ. ಎಸ್‌ಎಸ್‌ಡಿ ಬಿದ್ದರೆ ಸುಲಭವಾಗಿ ಕೆಡುವುದಿಲ್ಲ, ವೇಗವೂ ಹೆಚ್ಚು, ಆದರೆ ವರ್ಷಗಟ್ಟಲೆ ಕರೆಂಟ್ ಕಾಣದೆ ಇಟ್ಟರೆ ಅದರೊಳಗಿನ ಚಾರ್ಜ್ ಸೋರುತ್ತಾ ಬರುತ್ತದೆ. ಸುಮ್ನೆ ಇಡೋದಕ್ಕೆ ಅದು ತಕ್ಕದ್ದಲ್ಲ. ಪೆನ್ ಡ್ರೈವ್ ಫೈಲ್ ಒಯ್ಯುವುದಕ್ಕೆ ಸರಿ. ವರ್ಷಗಳ ಫೋಟೋ ಅದರ ಮೇಲೆ ನಂಬಿ ಬಿಡಬೇಡಿ. ಹಳೆಯ ಪೆನ್ ಡ್ರೈವುಗಳಲ್ಲಿ ಹೆಚ್ಚಿನವು ಫ್ಯಾಟ್32 ಅನ್ನುವ ಹಳೆಯ ಫಾರ್ಮ್ಯಾಟಿನಲ್ಲಿರುತ್ತವೆ, ಅದರಲ್ಲಿ 4 ಜಿಬಿಗಿಂತ ದೊಡ್ಡ ಒಂದೇ ಫೈಲ್ ಕೂರುವುದಿಲ್ಲ, ಮದುವೆ ವಿಡಿಯೋ ಕಾಪಿ ಆಗದೆ ನಿಲ್ಲುವುದು ಬಹಳ ಸಲ ಇದರಿಂದಲೇ.

ಡಿಸ್ಕ್ ತಂದ ಮೇಲೆ ಅದಕ್ಕೆ ಹೇಗೆ ಹಾಕುವುದು? ಇಲ್ಲೂ ಮೂರು ದಾರಿ ಇವೆ, ಮೂರಕ್ಕೂ ವ್ಯತ್ಯಾಸ ಇದೆ.

ಮೊದಲನೆಯದು ಕಾಪಿ-ಪೇಸ್ಟ್. ಏನೂ ಇಲ್ಲದ್ದಕ್ಕಿಂತ ಇದು ಎಷ್ಟೋ ವಾಸಿ. ಆದರೆ ನೆನಪಿಟ್ಟು ಮಾಡಬೇಕು, ಎರಡನೇ ಸಲ ಮಾಡುವಾಗ ಯಾವುದು ಹೊಸದು ಯಾವುದು ಹಳೆಯದು ಅಂತ ಗೊಂದಲ ಆಗುತ್ತದೆ, ಕೊನೆಗೆ ‘ನ್ಯೂ ಫೋಲ್ಡರ್ 2’, ‘ನ್ಯೂ ಫೋಲ್ಡರ್ 3’ ಅಂತ ಒಂದೇ ಫೋಟೋ ನಾಲ್ಕು ಕಡೆ ತುಂಬಿರುತ್ತದೆ.

ಎರಡನೆಯದು ಫ್ರೀಫೈಲ್‌ಸಿಂಕ್ ತರಹದ ಸಾಫ್ಟ್‌ವೇರ್. ಎರಡು ಕಡೆಯ ಫೋಲ್ಡರ್ ಹೋಲಿಸಿ, ಬದಲಾದದ್ದನ್ನು ಮಾತ್ರ ಕಾಪಿ ಮಾಡುತ್ತದೆ. ಡಿ ಡ್ರೈವ್ ತುಂಬಾ ಫೈಲ್ ಇಟ್ಟುಕೊಂಡವರಿಗೆ ಇದು ಬಹಳ ಅನುಕೂಲ. ಒಂದು ಎಚ್ಚರಿಕೆ ಬೇಕು. ‘ಮಿರರ್’ ಆಯ್ಕೆ ಮಾಡಿದರೆ ಇತ್ತ ಡಿಲೀಟ್ ಆದದ್ದು ಅತ್ತಲೂ ಡಿಲೀಟ್ ಆಗುತ್ತದೆ. ಅದರಲ್ಲೇ ಹಳೆಯ ಪ್ರತಿಗಳನ್ನು ಬೇರೆ ಫೋಲ್ಡರಿನಲ್ಲಿ ಉಳಿಸುವ ‘ವರ್ಷನಿಂಗ್’ ಇದೆ, ಅದನ್ನು ಆನ್ ಮಾಡದೆ ಮಿರರ್ ಒತ್ತಲೇಬೇಡಿ.

ಮೂರನೆಯದು ವಿಂಡೋಸಿನ ಫೈಲ್ ಹಿಸ್ಟರಿ. 2012ರಲ್ಲಿ ವಿಂಡೋಸ್ 8ರ ಜೊತೆ ಬಂದದ್ದು, ಈಗ ವಿಂಡೋಸ್ 11ರಲ್ಲೂ ಕಂಟ್ರೋಲ್ ಪ್ಯಾನೆಲ್ ಒಳಗೆ ಇದೆ. ಮನೆಬಳಕೆಗೆ ನಾನು ಮೊದಲು ಹೇಳುವುದು ಇದನ್ನೇ. ಡಿಸ್ಕ್ ಚುಚ್ಚಿ ಆನ್ ಮಾಡಿದರೆ ಗಂಟೆಗೊಮ್ಮೆ ಬದಲಾದ ಫೈಲುಗಳ ಪ್ರತಿ ತೆಗೆದಿಡುತ್ತದೆ, ಹಳೆಯ ಪ್ರತಿಗಳನ್ನೂ ಉಳಿಸಿಕೊಳ್ಳುತ್ತದೆ. ಮಗಳು ತನ್ನ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅರ್ಧ ಅಳಿಸಿ ಸೇವ್ ಮಾಡಿಬಿಟ್ಟರೆ ನಿನ್ನೆಯ ಪ್ರತಿ ತೆಗೆಯಬಹುದು. ಇನ್ನೊಂದು ಗುಣ ನನಗೆ ಬಹಳ ಇಷ್ಟ: ಫೈಲುಗಳನ್ನು ಯಾವುದೋ ಒಗಟಿನ ರೂಪದಲ್ಲಿ ಕಟ್ಟಿಡುವುದಿಲ್ಲ. ಹೆಸರಿನ ಕೊನೆಗೆ ತಾರೀಖು, ಸಮಯ ಸೇರಿಸಿ ಮಾಮೂಲಿ ಫೈಲಾಗಿಯೇ ಇಡುತ್ತದೆ. ಬೇರೆ ಯಾವ ಕಂಪ್ಯೂಟರಿಗೆ ಚುಚ್ಚಿದರೂ ತೆರೆದು ನೋಡಬಹುದು.

ಡಿ ಡ್ರೈವಿನ ಫೋಲ್ಡರನ್ನು ಇದಕ್ಕೆ ಸೇರಿಸಬೇಕಾದರೆ ವಿಂಡೋಸ್ 11ರಲ್ಲಿ ನೇರ ಬಟನ್ ಇಲ್ಲ. ಆ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಶೋ ಮೋರ್ ಆಪ್ಷನ್ಸ್’ ಒಳಗೆ ‘ಇನ್‌ಕ್ಲೂಡ್ ಇನ್ ಲೈಬ್ರರಿ’ ಅಂತ ಒತ್ತಬೇಕು. ಲೈಬ್ರರಿಗೆ ಸೇರಿದ ಮೇಲೆ ಫೈಲ್ ಹಿಸ್ಟರಿ ಅದನ್ನು ತಾನಾಗೇ ತೆಗೆದುಕೊಳ್ಳುತ್ತದೆ.

ಇನ್ನು ಡಿಸ್ಕನ್ನು ಯಾವಾಗಲೂ ಚುಚ್ಚಿಯೇ ಇಡಬೇಕಾ? ಬೇಡ. ಗಂಟೆಗೊಮ್ಮೆ ಅನ್ನುವ ಅನುಕೂಲ ತಪ್ಪುತ್ತದೆ, ನಿಜ. ಆದರೆ ಚುಚ್ಚಿಯೇ ಇಟ್ಟ ಡಿಸ್ಕಿಗೆ ಕಂಪ್ಯೂಟರಿಗೆ ಬರುವ ಎಲ್ಲ ಕಷ್ಟವೂ ಬರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಸಿಡಿಲಿನ ಮಳೆ, ಕರೆಂಟ್ ಹೋಗಿ ದಡಾರನೆ ಬರುವುದು ನಮಗೆಲ್ಲ ಗೊತ್ತೇ ಇದೆ ಅಲ್ವಾ? ಅದಕ್ಕಿಂತ ದೊಡ್ಡ ಅಪಾಯ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ಸಾಫ್ಟ್‌ವೇರ್. 2017ರ ಮೇನಲ್ಲಿ ಹಬ್ಬಿದ ವಾನಾಕ್ರೈ ಕಂಪ್ಯೂಟರಿನ ಫೈಲುಗಳಿಗೆ ಬೀಗ ಹಾಕಿದ್ದಷ್ಟೇ ಅಲ್ಲ, ಜೊತೆಗೆ ಚುಚ್ಚಿದ್ದ ಡಿಸ್ಕುಗಳನ್ನೂ ಬಿಡಲಿಲ್ಲ, ವಿಂಡೋಸ್ ತನ್ನೊಳಗೆ ಇಟ್ಟುಕೊಂಡಿದ್ದ ಹಳೆಯ ಪ್ರತಿಗಳನ್ನೂ ಅಳಿಸಿಹಾಕಿತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಅದೇ ವರ್ಷ ಮಾರ್ಚಿನಲ್ಲೇ ಪ್ಯಾಚ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಾರಕ್ಕೊಂದು ಸಲ ಡಿಸ್ಕ್ ಚುಚ್ಚಿ, ಬ್ಯಾಕಪ್ ಮುಗಿದ ಮೇಲೆ ಕಳಚಿ ಕಪಾಟಿನಲ್ಲಿಡಿ. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ, ಕಳುವಾದರೆ ಎರಡೂ ಒಟ್ಟಿಗೆ ಹೋಗುತ್ತವೆ.

ಕ್ಲೌಡ್: ಸಿಂಕ್ ಬೇರೆ, ಬ್ಯಾಕಪ್ ಬೇರೆ

ಹಾರ್ಡ್ ಡಿಸ್ಕ್ ಎಷ್ಟೇ ಚೆನ್ನಾಗಿದ್ದರೂ ಅದು ಇರುವುದು ಅದೇ ಮನೆಯಲ್ಲಿ. ಬೆಂಕಿ, ನೀರು, ಕಳ್ಳತನಕ್ಕೆ ಅದರ ಹತ್ತಿರ ಉತ್ತರ ಇಲ್ಲ. ಮನೆಯಿಂದಾಚೆ ಒಂದು ಪ್ರತಿ ಬೇಕು, ಅದಕ್ಕೇ ಕ್ಲೌಡ್. ಊರಲ್ಲಿರುವ ಅಣ್ಣನ ಮನೆಯಲ್ಲಿ ಇನ್ನೊಂದು ಡಿಸ್ಕ್ ಇಟ್ಟು, ಹಬ್ಬಕ್ಕೆ ಹೋದಾಗೆಲ್ಲ ಬದಲಾಯಿಸಿಕೊಂಡು ಬಂದರೂ ಅದೇ ಕೆಲಸ ಆಗುತ್ತದೆ. ಇದನ್ನು ಹಳೇ ಕಾಲದ ಉಪಾಯ ಅಂತ ತಳ್ಳಿಹಾಕಬೇಡಿ. ನೆಟ್ ಸರಿಯಿಲ್ಲದ ಊರುಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಒನ್‌ಡ್ರೈವ್, ಗೂಗಲ್ ಡ್ರೈವ್, ಐಕ್ಲೌಡ್ ಇವು ಸಿಂಕ್ ಮಾಡುವಂಥವು. ಇಲ್ಲಿ ಏನು ಆಯಿತೋ ಅಲ್ಲೂ ಅದೇ ಆಗುತ್ತದೆ. ಫೈಲ್ ಡಿಲೀಟ್ ಮಾಡಿದರೆ ಅಲ್ಲೂ ಡಿಲೀಟ್. ಗೂಗಲ್ ಡ್ರೈವಿನ ಟ್ರ್ಯಾಶಿನಲ್ಲಿ 30 ದಿನ ಇರುತ್ತದೆ, ಒನ್‌ಡ್ರೈವಿನ ರಿಸೈಕಲ್ ಬಿನ್ನಿನಲ್ಲೂ ಮನೆಬಳಕೆಯ ಖಾತೆಗೆ 30 ದಿನ, ಆಮೇಲೆ ಖಾಲಿ. ಮಾರ್ಚಿನಲ್ಲಿ ತಪ್ಪಿ ಅಳಿಸಿದ ಫೋಲ್ಡರ್ ಜೂನಿನಲ್ಲಿ ನೆನಪಾದರೆ ಅಲ್ಲಿ ಏನೂ ಸಿಗುವುದಿಲ್ಲ. ಫೋನಿನ ಗೂಗಲ್ ಫೋಟೋಸ್ ಕೂಡ ಹೀಗೇ. ಬ್ಯಾಕಪ್ ಆದ ಫೋಟೋ ಅಳಿಸಿದರೆ 60 ದಿನ ಟ್ರ್ಯಾಶಿನಲ್ಲಿರುತ್ತದೆ. ‘ಸ್ಟೋರೇಜ್ ಸೇವರ್’ ಆಯ್ಕೆಯಲ್ಲಿದ್ದರೆ ಫೋಟೋಗಳು ಕುಗ್ಗಿ ಹೋಗಿರುತ್ತವೆ, ಮೂಲ ಪ್ರತಿ ಅಲ್ಲಿ ಇರುವುದಿಲ್ಲ.

ಜಾಗದ ಲೆಕ್ಕವನ್ನೂ ಮೊದಲೇ ನೋಡಿಕೊಳ್ಳಿ. ಪುಕ್ಕಟೆ ಸಿಗುವುದು ಗೂಗಲಿನಲ್ಲಿ 15 ಜಿಬಿ, ಅದೂ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ. ಒನ್‌ಡ್ರೈವ್, ಐಕ್ಲೌಡಿನಲ್ಲಿ 5 ಜಿಬಿ. ಹೊಸ ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ವಿಂಡೋಸ್ 11 ಅನೇಕ ಸಲ ಒನ್‌ಡ್ರೈವ್ ಬ್ಯಾಕಪ್ಪನ್ನು ತಾನೇ ಆನ್ ಮಾಡಿಬಿಡುತ್ತದೆ. 5 ಜಿಬಿ ತುಂಬಿದ ಕೂಡಲೇ ಹೊಸ ಫೈಲ್ ಹೋಗುವುದು ನಿಲ್ಲುತ್ತದೆ. ‘ಒನ್‌ಡ್ರೈವ್ ಇದೆಯಲ್ಲ’ ಅಂತ ನೀವು ನಿಶ್ಚಿಂತೆಯಾಗಿರುತ್ತೀರಿ, ಅದು ನಿಂತು ಆರು ತಿಂಗಳಾಗಿರುತ್ತದೆ. ಇನ್ನು ಫೈಲಿನ ಪಕ್ಕ ಮೋಡದ ಚಿತ್ರ ಇದ್ದರೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲ, ಕ್ಲೌಡಿನಲ್ಲಿ ಮಾತ್ರ ಇದೆ ಅಂತ ತಿಳಿಯಿರಿ. ಹಾರ್ಡ್ ಡಿಸ್ಕಿಗೂ ಅದರ ಪ್ರತಿ ಬೇಕಾದರೆ ಮೊದಲು ಇಳಿಸಿಕೊಳ್ಳಬೇಕು.

ಇವುಗಳ ಬದಲು ಬ್ಯಾಕಪ್ಪಿಗೆಂದೇ ಇರುವ ಸೇವೆಗಳೂ ಇವೆ. ಬ್ಯಾಕ್‌ಬ್ಲೇಜ್ ಅಂಥದ್ದೊಂದು. ಒಂದು ಕಂಪ್ಯೂಟರಿನ ಫೈಲುಗಳು ಎಷ್ಟಿದ್ದರೂ ತೆಗೆದುಕೊಳ್ಳುತ್ತದೆ, ಡಿ ಡ್ರೈವನ್ನೂ ಬಿಡುವುದಿಲ್ಲ. 2023ರ ಅಕ್ಟೋಬರಿನಲ್ಲಿ ವರ್ಷಕ್ಕೆ 99 ಡಾಲರ್ ದರ ಮಾಡಿ, ಒಂದು ವರ್ಷದವರೆಗಿನ ಹಳೆಯ ಪ್ರತಿಗಳನ್ನು ಅದರಲ್ಲೇ ಸೇರಿಸಿದರು. ನಮ್ಮ ಮನೆಗಳಿಗೆ ಅದು ಸಣ್ಣ ಮೊತ್ತವಲ್ಲ. ಆದರೆ ಫೋಟೋಗ್ರಫಿ, ವಿಡಿಯೋ ಎಡಿಟಿಂಗ್ ಕೆಲಸ ಮನೆಯಿಂದಲೇ ಮಾಡುವವರಿಗೆ ಒಂದು ಮದುವೆಯ ಫೋಟೋ ಕಳೆದರೆ ಆಗುವ ನಷ್ಟ, ಅವಮಾನದ ಮುಂದೆ ಅದು ದೊಡ್ಡದಲ್ಲ. ವಿಂಡೋಸನ್ನು, ಸಾಫ್ಟ್‌ವೇರುಗಳನ್ನು ಅದು ತೆಗೆದುಕೊಳ್ಳುವುದಿಲ್ಲ, ಫೈಲುಗಳಷ್ಟೇ.

ವೇಗದ ವಿಷಯದಲ್ಲಿ ಕ್ಲೌಡ್ ಹಾರ್ಡ್ ಡಿಸ್ಕಿನ ಹತ್ತಿರವೂ ಬರುವುದಿಲ್ಲ. 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ ಅದೇ 300 ಜಿಬಿಗೆ ನಿಲ್ಲದೆ 33 ಗಂಟೆ ಬೇಕು. ಕೆಲವು ಪ್ಲಾನುಗಳಲ್ಲಿ ಡೌನ್‌ಲೋಡಿಗಿಂತ ಅಪ್‌ಲೋಡ್ ಕಮ್ಮಿ ಇರುತ್ತದೆ, ಅದನ್ನು ಪರೀಕ್ಷಿಸಿಕೊಳ್ಳಿ. ಮೊಬೈಲ್ ಹಾಟ್‌ಸ್ಪಾಟಿನ ಮೇಲೆ ನಡೆಯುವ ಮನೆಯಾದರೆ ಎಲ್ಲವನ್ನೂ ಏರಿಸುವ ಯೋಚನೆ ಬಿಡಿ. ಮತ್ತೆ ಸಿಗದಂಥ 10 ಜಿಬಿ ಆರಿಸಿ, ಅಷ್ಟನ್ನೇ ಹಾಕಿ: ದಾಖಲೆಗಳ ಸ್ಕ್ಯಾನ್, ಆಯ್ದ ಫೋಟೋಗಳು, ಲೆಕ್ಕದ ಫೈಲ್.

ಫೋಟೋಗ್ರಾಫರ್ ಪೀಟರ್ ಕ್ರೋಗ್ ಹೇಳಿದ 3-2-1 ಸೂತ್ರವನ್ನು ನೀವು ಕೇಳಿರಬಹುದು. ಮೂರು ಪ್ರತಿ, ಎರಡು ಬೇರೆ ಬೇರೆ ಬಗೆಯ ಜಾಗ, ಅದರಲ್ಲಿ ಒಂದು ಮನೆಯಿಂದಾಚೆ. ಲ್ಯಾಪ್‌ಟಾಪಿನಲ್ಲಿ ಇರುವುದು ಒಂದು, ಕಪಾಟಿನ ಡಿಸ್ಕ್ ಎರಡು, ಕ್ಲೌಡೋ ಅಣ್ಣನ ಮನೆಯೋ ಮೂರು. ಮನೆಗೆ ಇದಕ್ಕಿಂತ ಹೆಚ್ಚು ಬೇಕಾಗಿಲ್ಲ.

ಸಿಸ್ಟಂ ಬ್ಯಾಕಪ್ ಯಾರಿಗೆ ಬೇಕು

ವಿಂಡೋಸಿನಲ್ಲಿರುವ ಸಿಸ್ಟಂ ರಿಸ್ಟೋರ್ ಹಾಳಾದ ಡ್ರೈವರ್, ತಪ್ಪಾದ ಅಪ್‌ಡೇಟ್, ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ಜಾಗ) ಇವನ್ನು ಹಿಂದಿನ ಸ್ಥಿತಿಗೆ ಒಯ್ಯುತ್ತದೆ. ನಿಮ್ಮ ಫೋಟೋಗಳನ್ನು ಅದು ಮುಟ್ಟುವುದೂ ಇಲ್ಲ, ತಂದುಕೊಡುವುದೂ ಇಲ್ಲ. ಆನ್ ಮಾಡಿಡಿ, ಖರ್ಚೇನಿಲ್ಲ. ಆದರೆ ಅದು ಉಳಿಸಿಡುವ ಹಿಂದಿನ ಸ್ಥಿತಿಗಳು, ಅಂದರೆ ರಿಸ್ಟೋರ್ ಪಾಯಿಂಟುಗಳು, ಇರುವುದು ಅದೇ ಡಿಸ್ಕಿನಲ್ಲಿ. ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಹೆಚ್ಚೆಂದರೆ 60 ದಿನ ಉಳಿಯುತ್ತವೆ.

ವಿಂಡೋಸನ್ನು ಹೊಸದಾಗಿ ಕೂರಿಸುವ ‘ರಿಸೆಟ್ ದಿಸ್ ಪಿಸಿ’ ಇನ್ನೊಂದು. ‘ಕೀಪ್ ಮೈ ಫೈಲ್ಸ್’ ಒತ್ತಿದರೆ ಫೈಲ್ ಉಳಿಯುತ್ತವೆ, ಹಾಕಿದ ಸಾಫ್ಟ್‌ವೇರುಗಳೆಲ್ಲ ಹೋಗುತ್ತವೆ. ಫೈಲ್ ಉಳಿಯುತ್ತದೆ ಅಂತ ನಂಬಿ ಬ್ಯಾಕಪ್ ಇಲ್ಲದೆ ಇದನ್ನು ಒತ್ತಬೇಡಿ, ನಡುವೆ ಕರೆಂಟ್ ಹೋದರೆ ಕಷ್ಟ.

ಇಮೇಜ್ ಅಂದರೆ ಇಡೀ ಡಿಸ್ಕನ್ನು ಇದ್ದ ಹಾಗೇ ಒಂದು ದೊಡ್ಡ ಫೈಲಾಗಿ ತೆಗೆದಿಡುವುದು. ಹೊಸ ಡಿಸ್ಕ್ ಹಾಕಿ ಅದನ್ನು ಇಳಿಸಿದರೆ ನಿನ್ನೆ ಸಂಜೆ ಬಿಟ್ಟಲ್ಲಿಂದ ಕೆಲಸ ಶುರು ಮಾಡಬಹುದು. ಬ್ರೌಸರ್, ಆಫೀಸ್, ವಿಡಿಯೋ ಪ್ಲೇಯರ್ ಇಷ್ಟೇ ಇರುವ ಕಂಪ್ಯೂಟರಿಗೆ ಇದು ಬೇಡ. ಬೇಕಾಗುವುದು ಮತ್ತೆ ಹಾಕಲು ಕಷ್ಟವಾದ ಸಾಫ್ಟ್‌ವೇರ್ ಇರುವವರಿಗೆ. ಡಿಟಿಪಿ ಕೆಲಸದವರು, ಹಳೆಯ ಸ್ಕ್ಯಾನರ್, ಪ್ರಿಂಟರ್ ಡ್ರೈವರುಗಳನ್ನು ಹೇಗೋ ಕೂರಿಸಿಕೊಂಡವರು, ಸಿಡಿ ಕಳೆದುಹೋದ ಸಾಫ್ಟ್‌ವೇರ್ ಇನ್ನೂ ಬಳಸುತ್ತಿರುವವರು ಖಂಡಿತ ಇಮೇಜ್ ತೆಗೆದಿಡಬೇಕು.

ಇದಕ್ಕೆ ವಿಂಡೋಸಿನಲ್ಲೇ ‘ಬ್ಯಾಕಪ್ ಅಂಡ್ ರಿಸ್ಟೋರ್ (ವಿಂಡೋಸ್ 7)’ ಅಂತ ಇದೆ. ಅದರ ಸಿಸ್ಟಂ ಇಮೇಜ್ ಭಾಗವನ್ನು ಮುಂದುವರಿಸುವುದಿಲ್ಲ ಅಂತ ಮೈಕ್ರೋಸಾಫ್ಟ್ 2017ರಲ್ಲೇ ಹೇಳಿದೆ. ಈಗಲೂ ಓಡುತ್ತದೆ, ಆದರೆ ಹೊಸದಾಗಿ ಶುರು ಮಾಡುವವರು ಅದನ್ನು ಹಿಡಿಯಬೇಡಿ. ಬಹಳ ಜನ ಹೊಗಳುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟಿನ ಉಚಿತ ಆವೃತ್ತಿಯೂ 2024ರ ಜನವರಿಯಿಂದ ಇಲ್ಲ. ಹಳೆಯ ವಿಡಿಯೋಗಳಲ್ಲಿ ಅದರ ಹೆಸರು ಕೇಳಿ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳಬೇಡಿ.

ಉಳಿದವುಗಳಲ್ಲಿ ನನ್ನ ಆಯ್ಕೆ ವೀಮ್ ಏಜೆಂಟಿನ ಉಚಿತ ಆವೃತ್ತಿ. ವಿಂಡೋಸ್ ಓಡುತ್ತಿರುವಾಗಲೇ ಇಡೀ ಕಂಪ್ಯೂಟರಿನ ಇಮೇಜ್ ತೆಗೆಯುತ್ತದೆ, ಮುಂದಿನ ಸಲದಿಂದ ಬದಲಾದದ್ದನ್ನು ಮಾತ್ರ ಸೇರಿಸುತ್ತದೆ, ಇಮೇಜಿನೊಳಗಿಂದ ಒಂದೇ ಒಂದು ಫೈಲ್ ಬೇಕಾದರೂ ತೆಗೆಯಬಹುದು. ಕ್ಲೋನ್‌ಜಿಲ್ಲಾ ಪೂರ್ತಿ ಉಚಿತ, ತೈವಾನಿನವರು ಮಾಡಿದ್ದು. ಪೆನ್ ಡ್ರೈವಿನಿಂದ ಬೂಟ್ ಮಾಡಿ ಬಳಸಬೇಕು. ಬಹಳ ಗಟ್ಟಿ, ಆದರೆ ಅಕ್ಷರಗಳ ಪರದೆ, ಯಾವುದು ಮೂಲ ಡಿಸ್ಕ್ ಯಾವುದು ಗುರಿ ಅಂತ ಒಂದು ಸಲ ತಪ್ಪಿದರೆ ಎಲ್ಲ ಅಳಿಸಿಹೋಗುತ್ತದೆ. ಅದೇ ಕೆಲಸವನ್ನು ಮೌಸ್ ಹಿಡಿದು ಮಾಡಲು ರೆಸ್ಕ್ಯೂಜಿಲ್ಲಾ ಇದೆ, ಹೊಸಬರು ಅದನ್ನೇ ಹಿಡಿಯಿರಿ. ಒಂದು ಮಾತು ನೆನಪಿರಲಿ: ಕ್ಲೋನ್‌ಜಿಲ್ಲಾ ಇಮೇಜನ್ನು ಚಿಕ್ಕ ಡಿಸ್ಕಿಗೆ ಇಳಿಸಲು ಆಗುವುದಿಲ್ಲ. 1 ಟಿಬಿಯಿಂದ ತೆಗೆದದ್ದನ್ನು 512 ಜಿಬಿ ಎಸ್‌ಎಸ್‌ಡಿಗೆ ಹಾಕಲು ಹೊರಟವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ.

ಮ್ಯಾಕ್ ಇದ್ದವರಿಗೆ ಇಷ್ಟೆಲ್ಲ ತಲೆನೋವಿಲ್ಲ. 2007ರಿಂದ ಇರುವ ಟೈಮ್ ಮಷೀನ್ ಸಾಕು, ಮ್ಯಾಕಿನ ಎರಡರಷ್ಟು ಜಾಗದ ಡಿಸ್ಕ್ ತನ್ನಿ. ಲಿನಕ್ಸಿನಲ್ಲಿ ಸಿಸ್ಟಮ್ಮಿಗೆ ಟೈಮ್‌ಶಿಫ್ಟ್, ಫೈಲುಗಳಿಗೆ ಡೇಜಾ ಡೂಪ್. ಟೈಮ್‌ಶಿಫ್ಟ್ ನಿಮ್ಮ ಫೈಲುಗಳಿರುವ ಹೋಂ ಫೋಲ್ಡರನ್ನು ತಾನಾಗಿ ತೆಗೆದುಕೊಳ್ಳುವುದಿಲ್ಲ, ಅದೊಂದೇ ಹಾಕಿಕೊಂಡು ಕೂರಬೇಡಿ.

ಕನ್ನಡದವರು ಮರೆಯಬಾರದ್ದು ಫಾಂಟ್

ಯೂನಿಕೋಡ್ ಬರುವ ಮೊದಲು ನುಡಿ, ಬರಹದಲ್ಲಿ ಟೈಪ್ ಮಾಡಿದ ಫೈಲುಗಳು ಇನ್ನೂ ಎಷ್ಟೋ ಮನೆಗಳಲ್ಲಿವೆ. ಆ ಫೈಲುಗಳಲ್ಲಿ ಅಕ್ಷರ ಕಾಣುವುದು ಆ ಫಾಂಟ್ ಇದ್ದರೆ ಮಾತ್ರ. ಫೈಲ್ ಅಷ್ಟೇ ಉಳಿಸಿ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತದೆ. ಬ್ಯಾಕಪ್ ಡಿಸ್ಕಿನಲ್ಲೇ ಒಂದು ಫೋಲ್ಡರ್ ಮಾಡಿ ಆ ಫಾಂಟ್ ಫೈಲುಗಳನ್ನೂ ನುಡಿ, ಬರಹದ ಸೆಟಪ್ಪನ್ನೂ ಹಾಕಿಡಿ. ಸಾಧ್ಯವಾದರೆ ಯೂನಿಕೋಡಿಗೆ ಪರಿವರ್ತಿಸಿದ ಪ್ರತಿಯನ್ನೂ, ಒಂದು ಪಿಡಿಎಫ್ ಪ್ರತಿಯನ್ನೂ ಪಕ್ಕದಲ್ಲಿಡಿ. ಅಪ್ಪ ಬರೆದಿಟ್ಟ ಲೇಖನ ಇಪ್ಪತ್ತು ವರ್ಷದ ಮೇಲೆ ಓದಲು ಬರಬೇಕಲ್ಲವೇ?

ವಾಪಸ್ ತೆಗೆದು ನೋಡದೆ ನಂಬಬೇಡಿ

2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಅಳಿಸಿಬಿಟ್ಟರು. ಹಲವು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ನೋಡಿದರೆ ಒಂದೂ ಸರಿಯಾಗಿ ಓಡುತ್ತಿರಲಿಲ್ಲ. ಸುಮಾರು ಆರು ಗಂಟೆ ಹಳೆಯದಾದ ಒಂದು ಪ್ರತಿ ಹೇಗೋ ಇದ್ದದ್ದರಿಂದ ಉಳಿದುಕೊಂಡರು. ಅದನ್ನೇ ಕೆಲಸ ಮಾಡಿಕೊಂಡಿರುವ ಇಂಜಿನಿಯರುಗಳಿಗೇ ಹೀಗಾದರೆ ನಮ್ಮ ಮನೆಗಳ ಕಥೆ ಏನು?

ಮೂರು ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ನಾಲ್ಕಾರು ಫೈಲ್ ಬೇರೆ ಫೋಲ್ಡರಿಗೆ ತೆಗೆದು ತೆರೆದು ನೋಡಿ: ಒಂದು ಹಳೆಯ ಫೋಟೋ, ಒಂದು ದೊಡ್ಡ ವಿಡಿಯೋ, ಒಂದು ಎಕ್ಸೆಲ್. ಸಾಧ್ಯವಾದರೆ ಬೇರೆಯವರ ಕಂಪ್ಯೂಟರಿನಲ್ಲಿ. ಇಮೇಜ್ ತೆಗೆದವರು ರಿಕವರಿ ಪೆನ್ ಡ್ರೈವ್ ಮಾಡಿ ಅದರಿಂದ ಒಂದು ಸಲ ಬೂಟ್ ಮಾಡಿ, ಅದಕ್ಕೆ ನಿಮ್ಮ ಹೊರಗಿನ ಡಿಸ್ಕ್ ಕಾಣುತ್ತದಾ ನೋಡಿ. ಅಷ್ಟು ಸಾಕು, ಪೂರ್ತಿ ಇಳಿಸುವುದು ಬೇಡ.

ಇದರ ಜೊತೆಗೇ ನೋಡಿಕೊಳ್ಳಬೇಕಾದದ್ದು ಬಿಟ್‌ಲಾಕರ್ ಕೀ, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗದ ಕೀ. ಹೊಸ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುವುದು (ಕೀ ಇಲ್ಲದೆ ಓದಲಾಗದಂತೆ ಇರುವುದು) ಸಾಮಾನ್ಯ, ಎಷ್ಟೋ ಜನರಿಗೆ ಅದು ಗೊತ್ತೇ ಇರುವುದಿಲ್ಲ. ಮದರ್‌ಬೋರ್ಡ್ ಬದಲಾದರೆ, ಡಿಸ್ಕ್ ತೆಗೆದು ಬೇರೆ ಕಂಪ್ಯೂಟರಿಗೆ ಹಾಕಿದರೆ 48 ಅಂಕಿಯ ಕೀ ಕೇಳುತ್ತದೆ. ಅದಿಲ್ಲದೆ ಯಾವ ರಿಪೇರಿ ಅಂಗಡಿಯವರಿಗೂ ಏನೂ ಮಾಡಲಾಗುವುದಿಲ್ಲ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಇವತ್ತೇ ನೋಡಿ, ಕಾಗದದ ಮೇಲೆ ಬರೆದು ಮನೆ ಪತ್ರಗಳ ಜೊತೆ ಇಡಿ.

ಬ್ಯಾಕಪ್ ಇಲ್ಲದೆ ಫೈಲ್ ಅಳಿಸಿಹೋಗಿದ್ದರೆ? ಹಾರ್ಡ್ ಡಿಸ್ಕ್ ಆದರೆ ಕಂಪ್ಯೂಟರ್ ಬಳಸುವುದನ್ನು ತಕ್ಷಣ ನಿಲ್ಲಿಸಿ. ಅದರ ಮೇಲೆ ಹೊಸದು ಬರೆಯದಿದ್ದರೆ ರಿಕವರಿ ಸಾಫ್ಟ್‌ವೇರಿನಿಂದ ಸಿಗುವ ಸಾಧ್ಯತೆ ಇದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವ ವ್ಯವಸ್ಥೆ ಅಳಿಸಿದ ಜಾಗವನ್ನು ಬೇಗ ಖಾಲಿ ಮಾಡಿಬಿಡುತ್ತದೆ, ಆಸೆ ಕಮ್ಮಿ. ಕಟಕಟ ಸದ್ದು ಮಾಡುವ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಪ್ರತಿ ಸಲವೂ ಒಳಗೆ ಗೀರು ಹೆಚ್ಚಾಗಬಹುದು.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ಹಳೆಯ ಕಂಪ್ಯೂಟರಿಗೆ ವಿಂಡೋಸ್ 11 ಹಾಕಿಸಲು, ಲಿನಕ್ಸ್ ಹಾಕಲು, ಎಕ್ಸ್‌ಚೇಂಜ್ ಮಾಡಲು ಹೊರಟವರು ಬಹಳ ಜನ ಇದ್ದಾರೆ. ಅಂಗಡಿಗೆ ಕೊಡುವ ಮೊದಲು ‘ಡೇಟಾ ಹಾಗೇ ಇರುತ್ತೆ ಅಲ್ವಾ?’ ಅಂತ ಕೇಳಿ ಸಮಾಧಾನ ಮಾಡಿಕೊಳ್ಳಬೇಡಿ. ಹೊರಗಿನ ಡಿಸ್ಕಿಗೆ ಸಿಯನ್ನೂ ಡಿಯನ್ನೂ ಹಾಕಿ, ತೆರೆದು ನೋಡಿ, ಡಿಸ್ಕನ್ನು ಮನೆಯಲ್ಲಿ ಬಿಟ್ಟು ಕಂಪ್ಯೂಟರ್ ಮಾತ್ರ ತೆಗೆದುಕೊಂಡು ಹೋಗಿ.